ಮದ್ದು ಮತ್ತು ಅಭಯ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಶುಶ್ರೂಷೆ ಮತ್ತು ಅಧ್ಯಾತ್ಮ

ಬಳ್ಳಿಗಾವಿಯ ಕೋಡಿಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು 1162ರ ಶಾಸನವೊಂದು ಸವಿಸ್ತಾರವಾಗಿ ಹೇಳುತ್ತದೆ. ವೇದ, ವ್ಯಾಕರಣ, ಷಡ್ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು ಎಂಬುದರಲ್ಲಿ ಅಚ್ಚರಿಯೇನಿಲ್ಲ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವೂ ಇತ್ತು. ಸಕಲ ಜೀವಿಗಳಿಗೆ ಅಭಯ ಕೊಡುವ ಜಾಗವೆಂದೂ ಶಾಸನ ಅದನ್ನು ಕರೆಯುತ್ತದೆ. ಕಾಳಾಮುಖ ಶೈವರ ಈ ಮಠ ಇದ್ದ ಬಳ್ಳಿಗಾವಿ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಂದರೆ ಹೊನ್ನಾಳಿ, ನ್ಯಾಮತಿಗಳ ಮಗ್ಗುಲಲ್ಲೇ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಹಾಗಾಗಿ ಈ ಸೀಮೆಯ ಶುಶ್ರೂಷೆಯ ಚರಿತ್ರೆಯನ್ನು ಇಂದಿನ ಜಿಲ್ಲೆಯ ಗಡಿಯೊಳಗೆ ಹುಡುಕಿದರೆ ಅರ್ಧವಷ್ಟೇ ಸಿಗುತ್ತದೆ.

ಆ ಶಾಸನ ಮದ್ದನ್ನೂ ಅಭಯವನ್ನೂ ಒಂದೇ ಸೂರಿನಡಿ ಇರಿಸಿದೆ. ಶುಶ್ರೂಷೆಯಲ್ಲಿ ಅಧ್ಯಾತ್ಮದ ಪಾತ್ರವೇನು ಎಂಬ ಪ್ರಶ್ನೆಗೆ ಈ ನೆಲ ಕೊಟ್ಟ ಅತಿ ಸ್ಪಷ್ಟ ಉತ್ತರ ಇದೇ ಎಂಬುದು ನನ್ನ ವಾದ. ರೋಗಿಯ ಭಯವನ್ನು ಇಳಿಸುವುದು ಆರೈಕೆಯ ಹೊರಗಿನ ಪುಣ್ಯಕಾರ್ಯವಲ್ಲ, ಆರೈಕೆಯ ಒಳಗಿನ ಕೆಲಸ.

ಶಾಸ್ತ್ರಗ್ರಂಥಗಳಲ್ಲೂ ಇದಕ್ಕೆ ಆಧಾರವಿದೆ. ಚರಕಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವಗಳ ಜೊತೆಗೆ ರೋಗಿಯ ಮೇಲೆ ಅನುರಾಗವೂ ಇರಬೇಕು. ಅನುರಾಗವನ್ನು ಸ್ವಭಾವಕ್ಕೆ ಬಿಡದೆ ಅರ್ಹತೆಗಳ ಸಾಲಿನಲ್ಲಿ ಸೇರಿಸಿದ್ದು ದೊಡ್ಡ ಮಾತು. ತಮಿಳುನಾಡಿನ ತಿರುಮುಕ್ಕೂಡಲ್ ದೇವಾಲಯದ 11ನೆಯ ಶತಮಾನದ ಚೋಳ ಶಾಸನ ಹದಿನೈದು ಹಾಸಿಗೆಗಳ ಆಸ್ಪತ್ರೆಯೊಂದನ್ನು ದಾಖಲಿಸುತ್ತದೆ. ಅಲ್ಲಿ ವೈದ್ಯ, ಶಸ್ತ್ರವೈದ್ಯರ ಜೊತೆ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಗೂ ಸಂಬಳ ಗೊತ್ತುಮಾಡಲಾಗಿತ್ತು. ದೇವಾಲಯದ ಆಶ್ರಯದಲ್ಲಿದ್ದರೂ ಅದು ಕೂಲಿ ಪಡೆಯುವ ಕಸುಬೇ ಆಗಿತ್ತು. ಸೇವೆ ಎಂಬ ಹೆಸರಿನಲ್ಲಿ ದಾದಿಯರ ಸಂಬಳವನ್ನು ಮರೆಯುವ ಇಂದಿನವರು ಇದನ್ನು ಗಮನಿಸಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನಿದ್ದ; ವೈದ್ಯವೇ ಅವನ ಕಾಯಕ. ಆದರೆ ಊರುಕೇರಿಯ ನಿಜವಾದ ಶುಶ್ರೂಷೆ ನಡೆದದ್ದು ಹೆಂಗಸರ ಕೈಯಲ್ಲಿ, ಮನೆಯ ನಡುಕೋಣೆಯಲ್ಲಿ. ಅದರ ದಾಖಲೆ ಕಲ್ಲಿನ ಮೇಲಿಲ್ಲ, ಆಚರಣೆಗಳಲ್ಲಿದೆ.

ಸಿಡುಬನ್ನೇ ತೆಗೆದುಕೊಳ್ಳಿ. ಮಗುವಿನ ಮೈಮೇಲೆ ಬೊಕ್ಕೆ ಎದ್ದರೆ ಮನೆಗೆ ಅಮ್ಮ ಬಂದಳು ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಹೊರಗಿನವರು ಒಳಗೆ ಬರುವಂತಿರಲಿಲ್ಲ, ಮನೆಯವರು ನೆಂಟರ ಮನೆಗೆ ಹೋಗುವಂತಿರಲಿಲ್ಲ. ಅಡುಗೆಗೆ ಒಗ್ಗರಣೆ ಹಾಕುವಂತಿರಲಿಲ್ಲ. ಮಗುವನ್ನು ತಂಪಾದ ಕಡೆ ಮಲಗಿಸಿ, ಬೇವಿನೆಲೆಯಿಂದ ನವೆ ಸವರಿ, ಗುಣವಾದ ಮೇಲೆ ಬೇವಿನ ನೀರೆರೆದು ಮಾರಮ್ಮನಿಗೆ ಮೊಸರನ್ನದ ಎಡೆ ಇಡುತ್ತಿದ್ದರು. ರೋಗಿಯನ್ನು ಪ್ರತ್ಯೇಕಿಸುವುದು, ಘಾಟು ಹೊಗೆ ತಪ್ಪಿಸುವುದು, ಹಗುರವಾದ ಆಹಾರ, ಗಾಯ ಕೆರೆಯದಂತೆ ನೋಡಿಕೊಳ್ಳುವುದು ಇಷ್ಟೂ ಈ ನೇಮಗಳಲ್ಲಿ ಅಡಗಿವೆ. ಇನ್ನೂ ಒಂದಿದೆ. ವಿಕಾರಗೊಂಡ ಮುಖದ ಮಗುವನ್ನು ಯಾರೂ ಹೇಸುವಂತಿರಲಿಲ್ಲ, ಏಕೆಂದರೆ ಅದರ ಮೈಯಲ್ಲಿ ದೇವಿ ಇದ್ದಾಳೆ. ನಂಬಿಕೆ ರೋಗಿಯ ಘನತೆಯನ್ನು ಕಾದಿತ್ತು. ಅದೇ ನಂಬಿಕೆ ಲಸಿಕೆಗೆ ಅಡ್ಡಬಂದದ್ದೂ ಉಂಟು, ಮಕ್ಕಳು ಸತ್ತದ್ದೂ ಉಂಟು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡುಬಂತು. ರೋಗವನ್ನು ಓಡಿಸಿದ್ದು ಲಸಿಕೆಯೇ. ಎರಡನ್ನೂ ಒಟ್ಟಿಗೆ ಹೇಳದ ಚರಿತ್ರೆ ಪ್ರಾಮಾಣಿಕವಾಗದು.

ಸೂಲಗಿತ್ತಿಯರ ಕಥೆಯೂ ಹೀಗೆಯೇ. ಹೆರಿಗೆ ನೋವು ತಿನ್ನುವ ಹೆಣ್ಣಿನ ಬೆನ್ನು ಸವರುತ್ತ, ಮನೆದೇವರ ಹೆಸರು ಹೇಳುತ್ತ, ಹಣೆಗೆ ವಿಭೂತಿ ಇಡುತ್ತ ರಾತ್ರಿಯಿಡೀ ಕೂರುವ ಮುದುಕಿಗೆ ಮದ್ದು ಬೇರೆ, ಧೈರ್ಯ ಬೇರೆ ಎಂಬ ಭೇದವಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಈ ಪರಂಪರೆಗೆ ತಡವಾಗಿ ಮಾನ್ಯತೆ ಸಿಕ್ಕಿತು. ಆಸ್ಪತ್ರೆಯ ಹೆರಿಗೆ ತಾಯಿ ಮಕ್ಕಳ ಪ್ರಾಣ ಉಳಿಸಿತು, ಅದು ನಿರ್ವಿವಾದ. ಆದರೆ ಬೆನ್ನು ಸವರುವ ಆ ಕೈ ಹೆರಿಗೆ ಕೋಣೆಯ ಬಾಗಿಲಾಚೆ ಉಳಿಯಿತು.

ರೋಗಿಯ ನಂಬಿಕೆ ಮಾತ್ರ ಬಾಗಿಲಾಚೆ ಉಳಿಯುವುದಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಸಂತ ಸೇವಾಲಾಲರ ಹುಟ್ಟೂರೆಂದು ಭಕ್ತರು ನಂಬುತ್ತಾರೆ. ಲಂಬಾಣಿ ಸಮುದಾಯ ಅವರ ಜನ್ಮವನ್ನು 1739ಕ್ಕೆ ಇಟ್ಟು ಫೆಬ್ರವರಿಯಲ್ಲಿ ಜಯಂತಿ ಆಚರಿಸುತ್ತದೆ. ಮಾಲೆ ಧರಿಸಿದ ಭಕ್ತರು ದೂರದ ತಾಂಡಾಗಳಿಂದ ನಡೆದು ಬರುತ್ತಾರೆ. ತಾಂಡಾದವರೊಬ್ಬರು ಕಾಯಿಲೆ ಬಿದ್ದರೆ ಮರಿಯಮ್ಮನಿಗೆ, ಸೇವಾಲಾಲರಿಗೆ ಹರಕೆ ಹೊರುತ್ತಾರೆ. ಅಂಥವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಂದು ಮಲಗಿದಾಗ ಆ ಹರಕೆಯೂ ಜೊತೆಗೆ ಬಂದಿರುತ್ತದೆ. ಪಕ್ಕದ ಹಾಸಿಗೆಯಲ್ಲಿ ಕೊರಳಲ್ಲಿ ಲಿಂಗವಿರುವ ಅಜ್ಜ, ಅದರಾಚೆ ದರ್ಗಾದ ತಾಯಿತ ಕಟ್ಟಿದ ಹುಡುಗ ಇದ್ದಾರು.

ಆಧುನಿಕ ನರ್ಸಿಂಗ್ ನಮಗೆ ಬಂದದ್ದು ಬಹುಮಟ್ಟಿಗೆ ಕ್ರೈಸ್ತ ಸನ್ಯಾಸಿನಿಯರ ಮೂಲಕ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದವರು ಗುಡ್ ಶೆಫರ್ಡ್ ಸಭೆಯ ಸಿಸ್ಟರ್‌ಗಳು. ಫ್ಲಾರೆನ್ಸ್ ನೈಟಿಂಗೇಲ್ ಕೂಡ ತನ್ನ ವೃತ್ತಿಯನ್ನು ದೈವದ ಕರೆಯೆಂದೇ ನಂಬಿದ್ದಳು. 1908ರಲ್ಲಿ ಭಾರತದ ತರಬೇತಿ ಪಡೆದ ದಾದಿಯರ ಸಂಘ ಹುಟ್ಟಿತು, 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಕಸುಬಿಗೆ ಶಿಸ್ತು ಬಂದಂತೆ, ಅಳೆಯಲಾಗದ್ದನ್ನು ಕೇಸ್ ಶೀಟಿನಿಂದ ಹೊರಗಿಡುವ ರೂಢಿಯೂ ಬಂತು. ಜ್ವರಕ್ಕೆ, ನಾಡಿಗೆ ಕಾಲಂ ಇತ್ತು. ಸಾಯುವ ಭಯಕ್ಕೆ ಇರಲಿಲ್ಲ.

ಹೀಗೆ ಹೊರಗುಳಿದದ್ದನ್ನು ಮತ್ತೆ ಒಳಗೆ ಕರೆದವರೂ ದಾದಿಯರೇ. 1966ರಲ್ಲಿ ಜಾಯ್ಸ್ ಟ್ರಾವೆಲ್‌ಬೀ ನೋವಿನಲ್ಲಿ ಅರ್ಥ ಕಂಡುಕೊಳ್ಳಲು ರೋಗಿಗೆ ನೆರವಾಗುವುದು ನರ್ಸಿಂಗಿನ ಕೆಲಸವೆಂದು ಬರೆದಳು. ಮೊದಲು ದಾದಿಯಾಗಿದ್ದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಳು; ದೇಹದ, ಮನಸ್ಸಿನ, ಸಂಸಾರದ, ಆತ್ಮದ ನೋವು ಒಂದೇ ಹೆಣಿಗೆಯೆಂದು ಆಕೆ ಕಲಿಸಿದಳು. 1984ರಲ್ಲಿ ವಿಶ್ವ ಆರೋಗ್ಯ ಸಭೆ ಆರೋಗ್ಯಕ್ಕೆ ಆಧ್ಯಾತ್ಮಿಕ ಆಯಾಮವಿದೆಯೆಂದು ನಿರ್ಣಯ ಮಾಡಿತು. ಬೆಂಗಳೂರಿನ ಕರುಣಾಶ್ರಯ ಈ ದಾರಿಯಲ್ಲಿ ಕ್ಯಾನ್ಸರ್ ರೋಗಿಗಳ ಅಂತ್ಯಕಾಲದ ಆರೈಕೆ ಮಾಡುತ್ತಿದೆ.

ಇದನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ತರುವಾಗ ಒಂದು ಎಚ್ಚರ ಬೇಕು. ಶುಶ್ರೂಷಾಧಿಕಾರಿ ತನ್ನ ದೇವರನ್ನು ರೋಗಿಗೆ ಹಂಚಲು ನಿಂತರೆ ಅದು ಆರೈಕೆಯಲ್ಲ, ದಬ್ಬಾಳಿಕೆ. ಪ್ರಾರ್ಥನೆಯ ನೆಪದಲ್ಲಿ ಔಷಧಿ ತಡವಾದರೆ ಅದು ಅಪರಾಧ. ಮಾಡಬೇಕಾದದ್ದು ಚಿಕ್ಕದು, ಕಷ್ಟದ್ದು. ಡ್ರಿಪ್ ಹಾಕುವಾಗ ತೋಳಿನ ತಾಯಿತವನ್ನು ಕತ್ತರಿಸಿ ಎಸೆಯದೆ, ಕೇಳಿ ಬಿಚ್ಚಿ ರೋಗಿಯ ದಿಂಬಿನ ಬಳಿ ಇಡುವುದು. ಶಸ್ತ್ರಚಿಕಿತ್ಸೆಗೆ ಮುನ್ನ ಇಷ್ಟಲಿಂಗವನ್ನು ತೆಗೆಯಬೇಕಾದರೆ ಅದನ್ನು ಯಾರ ಕೈಗೆ ಕೊಡಬೇಕೆಂದು ಅಜ್ಜನನ್ನೇ ಕೇಳುವುದು. ಲಂಬಾಣಿ ಅವ್ವನ ಬಳಿ ಅವಳ ನುಡಿಯಾದ ಗೋರ್ ಬೋಲಿ ಬಲ್ಲ ಆಶಾ ಕಾರ್ಯಕರ್ತೆಯನ್ನು ಕೂರಿಸುವುದು. ಸಾಯುತ್ತಿರುವವರ ಮನೆಯವರನ್ನು ಭೇಟಿಯ ಸಮಯ ಮುಗಿಯಿತೆಂದು ಹೊರಗೆ ಕಳಿಸದಿರುವುದು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಬೇಕಾದವಳಿಗೆ ಇದು ಯಾವುದಕ್ಕೂ ಬಿಡುವಿರುವುದಿಲ್ಲ. ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಧ್ಯಾತ್ಮದ ಪ್ರಶ್ನೆ ಮೊದಲು ಹುದ್ದೆ ತುಂಬುವ ಪ್ರಶ್ನೆ. ಕೋಡಿಮಠದ ಅನ್ನಕ್ಕೂ ಮದ್ದಿಗೂ ಹಿಂದೆ ದತ್ತಿಬಿಟ್ಟ ಭೂಮಿಯ ಆದಾಯವಿತ್ತು.