ರಾಗದ ಹೆಸರು ಹೇಳಿದರೆ ಕ್ಯಾಸೆಟ್ ತೆಗೆದುಕೊಡುತ್ತಿದ್ದ ಅಂಗಡಿಗಳು ಏನಾದವು?

ನಿಮ್ಮ ಫೋನಿನಲ್ಲಿರುವ ಯಾವುದಾದರೂ ಸಂಗೀತದ ಆ್ಯಪ್ ತೆರೆದು 'ತೋಡಿ' ಅಂತ ಹುಡುಕಿ ನೋಡಿ. ಕರ್ನಾಟಕ ಸಂಗೀತದ ತೋಡಿಯೂ ಬರುತ್ತೆ, ಹಿಂದೂಸ್ತಾನಿ ತೋಡಿಯೂ ಬರುತ್ತೆ. ಹೆಸರು ಒಂದೇ ಆದರೂ ರಾಗಗಳು ಬೇರೆ ಬೇರೆ. ಹಿಂದೂಸ್ತಾನಿಯವರ ತೋಡಿ ನಮ್ಮ ಶುಭಪಂತುವರಾಳಿಗೆ ಹತ್ತಿರ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಗೆ ಹತ್ತಿರ. ಆ್ಯಪ್‌ಗೆ ಇದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಅದಕ್ಕಿಲ್ಲ. ಆದರೆ ಕ್ಯಾಸೆಟ್ ಅಂಗಡಿಯ ಕೌಂಟರಿನ ಹಿಂದೆ ನಿಂತ ಮನುಷ್ಯ "ಯಾವ ತೋಡಿ, ಕರ್ನಾಟಕನೋ ಹಿಂದೂಸ್ತಾನಿನೋ?" ಅಂತ ಕೇಳದೆ ಕಪಾಟಿಗೆ ಕೈ ಹಾಕುತ್ತಿರಲಿಲ್ಲ.

ಆ ಮನುಷ್ಯನೂ ಆ ಕೌಂಟರೂ ಈಗ ಹೆಚ್ಚು ಕಡೆ ಇಲ್ಲ. 'ಇಂಟರ್‌ನೆಟ್ ಬಂತು, ಅಂಗಡಿ ಮುಚ್ಚಿತು' ಅನ್ನುವುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ಅದು ಅರ್ಧ ಸತ್ಯ. ಹಾಡಿನ ಹಕ್ಕು ಯಾರದ್ದು, ಕಟ್ಟಡದ ಬಾಡಿಗೆ ಎಷ್ಟು, ಕಾನೂನು ಯಾರ ಪರ ನಿಂತಿತು ಅನ್ನೋದನ್ನೂ ಸೇರಿಸಿ ನೋಡಿದರೆ ಚಿತ್ರ ಬೇರೆಯೇ ಇದೆ. ಅದನ್ನು ಒಂದು ಕಡೆ ಬರೆದಿಡೋಣ ಅಂತ ಈ ಲೇಖನ.

ಅಂಗಡಿಯಿಂದಲೇ ಶುರುವಾದ ಉದ್ಯಮ

1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗ್ರಾಮಫೋನ್ ಕಂಪನಿಗಾಗಿ ಧ್ವನಿಮುದ್ರಣ ಮಾಡಿದ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷ್‌ನಲ್ಲಿ ತಮ್ಮ ಹೆಸರು ಹೇಳುವುದನ್ನು ನೀವು ಕೇಳಿರಬಹುದು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹಾನೋವರ್‌ನಲ್ಲಿ, ಅಲ್ಲಿಯ ಕೆಲಸಗಾರರಿಗೆ ಹಾಡಿದ್ದು ಯಾರೆಂದು ತಿಳಿಯಬೇಕಲ್ಲ, ಅದಕ್ಕೆ. ಇದೇ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೆ ಬಂದರು. 1928ರಲ್ಲಿ ಅರಮನೆಯ ವಿದುಷಿಯಾಗಿ ಸೇರಿ, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು.

ಆಗಿನ ತಟ್ಟೆಗಳ ಮುಖ್ಯ ಕಚ್ಚಾವಸ್ತು ಅರಗು. ಅದು ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಅಂದರೆ ಅರಗು ನಮ್ಮದು, ಹಾಡು ನಮ್ಮದು, ಅಚ್ಚು ಮತ್ತು ಲಾಭ ಯುರೋಪಿನದು! 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದ ಮೇಲೆ ಅಚ್ಚು ಹಾಕುವ ಕೆಲಸ ಇಲ್ಲಿಗೆ ಬಂತು, ಲಾಭದ ದಾರಿ ಬದಲಾಗಲಿಲ್ಲ.

ಮೊದಮೊದಲು ಗ್ರಾಮಫೋನ್ ಮಾರಿದವರು ಸಂಗೀತದವರೇ ಆಗಿರಲಿಲ್ಲ. ಹಾರ್ಮೋನಿಯಂ, ಗಡಿಯಾರ, ಸೈಕಲ್ ಮಾರುತ್ತಿದ್ದವರು ಒಂದು ಮೂಲೆಯಲ್ಲಿ ಇದನ್ನೂ ಇಟ್ಟುಕೊಂಡರು. ಸ್ವಲ್ಪ ಕಾಲದಲ್ಲೇ ವ್ಯಾಪಾರಿಗಳಿಗೆ ಒಂದು ವಿಷಯ ಹೊಳೆಯಿತು. ಯಾವ ಊರಿನಲ್ಲಿ ಯಾರ ಹಾಡಿಗೆ ಬೆಲೆಯಿದೆ ಅನ್ನೋದು ಕಂಪನಿಯ ಸಾಹೇಬರಿಗಿಂತ ತಮಗೇ ಚೆನ್ನಾಗಿ ಗೊತ್ತು! ಮದ್ರಾಸಿನ 'ಸರಸ್ವತಿ ಸ್ಟೋರ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. 1930ರ ದಶಕದ ಆರಂಭದಲ್ಲಿ ಎ.ವಿ. ಮೇಯಪ್ಪನ್ ಮತ್ತು ಅವರ ಪಾಲುದಾರರು ನಡೆಸಿದ ಈ ಅಂಗಡಿ ದಕ್ಷಿಣ ಭಾರತಕ್ಕೆ ಜರ್ಮನ್ ಓಡಿಯನ್ ಲೇಬಲ್‌ನ ಏಜೆನ್ಸಿ ಹಿಡಿಯಿತು. ಯಾರನ್ನು ಹಾಡಿಸಬೇಕು ಅನ್ನುವ ತೀರ್ಮಾನ ಅಂಗಡಿಯದ್ದಾಯಿತು. ಮೇಯಪ್ಪನ್ ಮುಂದೆ ಎ.ವಿ.ಎಂ. ಸ್ಟುಡಿಯೋ ಕಟ್ಟಿದ್ದು ಈ ದಾರಿಯಲ್ಲೇ.

ಇನ್ನೊಂದು ವಿಷಯ ಹೇಳಲೇಬೇಕು. ಮೊದಲ ತಲೆಮಾರಿನ ಧ್ವನಿಮುದ್ರಣದಲ್ಲಿ ಎದ್ದು ಕಾಣುವವರು ಹೆಂಗಸರು, ಅದರಲ್ಲೂ ತವಾಯಫ್ ಮತ್ತು ದೇವದಾಸಿ ಸಮುದಾಯದವರು. ಎಷ್ಟೋ ಮಂದಿ ಉಸ್ತಾದರು, ವಿದ್ವಾಂಸರು ಈ ಯಂತ್ರದ ಮುಂದೆ ಹಾಡಲು ಹಿಂಜರಿದರು. ಸಭೆಯ ವೇದಿಕೆಯಲ್ಲಿ ಜಾತಿ ಕೇಳುತ್ತಿದ್ದವರ ಮನೆಯೊಳಕ್ಕೂ ತಟ್ಟೆಯ ಮೂಲಕ ಆ ದನಿಗಳು ಹೋದವು. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲೆ ಅಚ್ಚಾಗಿರುವ ಹೆಸರು 'ಗಾಂಧಾರಿ'. ಇದು ಗೊತ್ತಿದ್ದ ಅಂಗಡಿಯವ ಮಾತ್ರ ಆ ತಟ್ಟೆಯನ್ನು ಗಂಗೂಬಾಯಿಯವರ ಸಾಲಿನಲ್ಲಿ ಇಡಬಲ್ಲ.

ಕ್ಯಾಸೆಟ್ ಅನ್ನುವ ಸಣ್ಣ ಸ್ವಾತಂತ್ರ್ಯ

ಸ್ವಾತಂತ್ರ್ಯ ಬಂದ ಮೇಲೂ ಸುಮಾರು ಮೂರು ದಶಕ ಈ ದೇಶದಲ್ಲಿ ಧ್ವನಿಮುದ್ರಿಕೆ ಅಂದರೆ ಹೆಚ್ಚುಕಡಿಮೆ ಎಚ್ಎಂವಿ. ನಾಯಿಯ ಚಿತ್ರದ ಆ ಲೇಬಲ್ ಏನನ್ನು ಅಚ್ಚು ಹಾಕುತ್ತದೋ ಅದನ್ನೇ ಡೀಲರ್ ಮಾರಬೇಕು. ಎಲ್‌ಪಿ ತಟ್ಟೆ ದುಬಾರಿ, ಅದನ್ನು ಹಾಕುವ ಪ್ಲೇಯರ್ ಇನ್ನೂ ದುಬಾರಿ. ಶಾಸ್ತ್ರೀಯ ಸಂಗೀತ ಕೊಂಡು ಕೇಳುವುದು ಉಳ್ಳವರ ಹವ್ಯಾಸವಾಗಿಯೇ ಇತ್ತು. ಉಳಿದವರಿಗೆ ಆಕಾಶವಾಣಿ.

1970ರ ದಶಕದ ಕೊನೆಯಲ್ಲಿ ಕ್ಯಾಸೆಟ್ ಬಂದು ಇದನ್ನು ಮುರಿಯಿತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ದಿಲ್ಲಿಯ ದರಿಯಾಗಂಜ್‌ನಲ್ಲಿ ಹಣ್ಣಿನ ರಸ ಮಾರುತ್ತಿದ್ದ ಕುಟುಂಬದ ಗುಲ್ಶನ್ ಕುಮಾರ್, ಒಂದು ಕ್ಯಾಸೆಟ್ ಅಂಗಡಿಯಿಂದ ಶುರುಮಾಡಿ ಟಿ-ಸೀರೀಸ್ ಕಟ್ಟಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ 'ಬೇರೆಯವರಿಂದ ಹಾಡಿಸಿ ಬಿಡುಗಡೆ ಮಾಡಬಹುದು' ಅನ್ನುವ ಒಂದು ದಾರಿ ಇತ್ತು. ಅವರು ಆ ದಾರಿಯಲ್ಲಿ ಲಾರಿ ಓಡಿಸಿದರು ಅನ್ನಬಹುದು. ಪೀಟರ್ ಮ್ಯಾನುಯೆಲ್ 1993ರಲ್ಲಿ ಪ್ರಕಟಿಸಿದ 'ಕ್ಯಾಸೆಟ್ ಕಲ್ಚರ್' ಪುಸ್ತಕ ಈ ಕಾಲದ ಬಗ್ಗೆ ಇರುವ ಮುಖ್ಯ ಅಧ್ಯಯನ. ಉತ್ತರ ಭಾರತದ ಕಥೆ ಅದು, ಆದರೂ ಓದಿ. ಕ್ಯಾಸೆಟ್ ಪ್ರಾದೇಶಿಕ ದನಿಗಳಿಗೂ ದಾರಿಯಾಯಿತು, ದ್ವೇಷದ ಭಾಷಣಕ್ಕೂ ದಾರಿಯಾಯಿತು ಅನ್ನೋದು ಅಲ್ಲಿ ಚೆನ್ನಾಗಿ ಬಂದಿದೆ.

ಶಾಸ್ತ್ರೀಯ ಸಂಗೀತಕ್ಕೆ ಕ್ಯಾಸೆಟ್ ಕೊಟ್ಟದ್ದು ಸಮಯ. 78ರ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಚಿಲ್ಲರೆ ನಿಮಿಷ. ಅಬ್ದುಲ್ ಕರೀಂ ಖಾನರಂಥವರು ಅಷ್ಟರಲ್ಲೇ ಒಂದು ರಾಗವನ್ನು ನಿಲ್ಲಿಸಬೇಕಿತ್ತು. ಎಲ್‌ಪಿಯಲ್ಲಿ ಇಪ್ಪತ್ತು ಚಿಲ್ಲರೆ. ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಅರ್ಧ, ಮುಕ್ಕಾಲು ಗಂಟೆ. ಸಣ್ಣ ಬಂಡವಾಳದ ಲೇಬಲ್‌ಗಳು ಹುಟ್ಟಿಕೊಂಡವು, ಕಚೇರಿಯ ಧ್ವನಿಮುದ್ರಣವೇ ಮಾರಾಟಕ್ಕೆ ಬಂತು. ಮದ್ರಾಸಿನಲ್ಲಿ 'ಸಂಗೀತಾ', ಆಮೇಲೆ ಸಿಡಿ ಕಾಲದಲ್ಲಿ 'ಚಾರ್ಸುರ್', ದಿಲ್ಲಿಯಲ್ಲಿ 'ಮ್ಯೂಸಿಕ್ ಟುಡೇ', ಲಂಡನ್ನಿನಲ್ಲಿ 'ನವರಸ್'. ಇಷ್ಟೆಲ್ಲ ಬಂದಾಗ ಯಾವುದು ಎಲ್ಲಿದೆ ಎಂದು ತಿಳಿದವನೊಬ್ಬ ಬೇಕಾದ. ಸ್ವತಂತ್ರ ಅಂಗಡಿಗಳ ಒಳ್ಳೆಯ ಕಾಲ ಇದೇ.

ಅಂಗಡಿಯ ಲೆಕ್ಕ ಹೇಗೆ ನಡೆಯುತ್ತಿತ್ತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಮುಂದಿನ ಕಥೆಯೆಲ್ಲ ಇಲ್ಲೇ ಇದೆ. ಶಾಸ್ತ್ರೀಯ ಸಂಗೀತದ ಮಾಲು ನಿಧಾನಕ್ಕೆ ಕರಗುತ್ತದೆ. ಬಸವರಾಜ ರಾಜಗುರುಗಳ ಒಂದು ಕ್ಯಾಸೆಟ್ ಎರಡು ವರ್ಷ ಕಪಾಟಿನಲ್ಲೇ ಕೂತಿರಬಹುದು. ಆದರೆ ಅದು ಇದ್ದದ್ದರಿಂದಲೇ ಅಲ್ಲಿಗೆ ಜನ ಹುಡುಕಿಕೊಂಡು ಬರುತ್ತಿದ್ದರು. ಬಾಡಿಗೆ ಕಟ್ಟುತ್ತಿದ್ದದ್ದು ಸಿನಿಮಾ ಹಾಡು, ಸುಪ್ರಭಾತ, ಭೀಮಸೇನ ಜೋಶಿಯವರ ದಾಸರ ಪದ, ಮನ್ಸೂರರ ವಚನ, ನವರಾತ್ರಿಯ ದೇವಿ ಸ್ತೋತ್ರ. ಬೇಗ ಹೋಗುವ ಮಾಲು ನಿಧಾನದ ಮಾಲನ್ನು ಸಾಕುತ್ತಿತ್ತು. ಡಿಸ್ಟ್ರಿಬ್ಯೂಟರ್ ಉದ್ರಿ ಕೊಡುತ್ತಿದ್ದ, ಹೋಗದ ಮಾಲನ್ನು ಕೆಲವೊಮ್ಮೆ ವಾಪಸ್ ತಗೊಳ್ಳುತ್ತಿದ್ದ. ಬೆಂಗಳೂರಿನವರಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿಗಳು ಗೊತ್ತು. 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯದ್ದು. ಮದ್ರಾಸಿನವರಿಗೆ ಡಿಸೆಂಬರ್ ಸೀಸನ್. ಕಚೇರಿ ಕೇಳಿದ ಬಿಸಿಯಲ್ಲೇ ಅದೇ ವಿದ್ವಾಂಸರ ಕ್ಯಾಸೆಟ್ ಕೊಳ್ಳುವವರು ಇದ್ದೇ ಇರುತ್ತಾರೆ, ಹಾಗಾಗಿ ಇಂಥ ಸೀಸನ್ನು ವ್ಯಾಪಾರಿಗೆ ಸುಗ್ಗಿ.

ಮುಚ್ಚಿದ್ದು ಹೇಗೆ

ನನ್ನ ಪ್ರಕಾರ ಈ ಸರಪಳಿಯಲ್ಲಿ ಮೊದಲು ಕಡಿದದ್ದು ಬೇಗ ಹೋಗುವ ಮಾಲು. 2000ದ ನಂತರ ಸಿನಿಮಾ ಹಾಡಿನ ಎಂಪಿ3 ಸಿಡಿಗಳು ಫುಟ್‌ಪಾತಿಗೆ ಬಂದವು. ಒಂದೇ ತಟ್ಟೆಯಲ್ಲಿ ನೂರಾರು ಹಾಡು, ಕಾಸು ಅತಿ ಕಡಿಮೆ. ಆಮೇಲೆ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡಲು ಶುರುಮಾಡಿದರು. ಶಾಸ್ತ್ರೀಯ ಸಂಗೀತದ ಗಿರಾಕಿ ಇನ್ನೂ ಅಂಗಡಿಗೆ ಬರುತ್ತಲೇ ಇದ್ದ. ಆದರೆ ಅವನ ಎರಡು ಸಿಡಿಯಿಂದ ಬಾಡಿಗೆ ಹುಟ್ಟುವುದಿಲ್ಲವಲ್ಲ. ಶಾಸ್ತ್ರೀಯ ಸಂಗೀತಕ್ಕೆ ಕೇಳುಗರು ಕಡಿಮೆಯಾದ್ದರಿಂದ ಅಂಗಡಿ ಮುಚ್ಚಿತು ಅನ್ನುವವರು ಈ ಸರಳ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ದೊಡ್ಡವರೂ ಉಳಿಯಲಿಲ್ಲ. ಗ್ರಾಮಫೋನ್ ಕಂಪನಿಯನ್ನು 1980ರ ದಶಕದಲ್ಲಿ ಕೊಂಡ ಕಲ್ಕತ್ತೆಯ ಆರ್‌ಪಿಜಿ ಗುಂಪು 'ಮ್ಯೂಸಿಕ್ ವರ್ಲ್ಡ್' ಎಂಬ ಮಳಿಗೆಗಳ ಸರಣಿಯನ್ನೂ ನಡೆಸಿತು. ಲೇಬಲ್ಲೂ ತನ್ನದೇ, ಅಂಗಡಿಯೂ ತನ್ನದೇ. ಅದರ ಪಾರ್ಕ್ ಸ್ಟ್ರೀಟ್ ಮಳಿಗೆ 2013ರಲ್ಲಿ ಮುಚ್ಚಿತು. ಕುತೂಹಲ ಏನಂದ್ರೆ, ಸರೆಗಮ ಅಂತ ಹೆಸರು ಬದಲಿಸಿಕೊಂಡ ಅದೇ ಲೇಬಲ್ 2017ರಲ್ಲಿ 'ಕಾರವಾನ್' ಪೆಟ್ಟಿಗೆ ತಂದು, ಹಳೇ ಹಾಡುಗಳನ್ನೇ ತುಂಬಿಸಿ ಮಾರಿ ಗೆದ್ದಿತು. ಹಕ್ಕು ಇದ್ದವನು ಯಾವ ರೂಪದಲ್ಲಾದರೂ ಮತ್ತೆ ಬರುತ್ತಾನೆ, ಹಕ್ಕಿಲ್ಲದ ಅಂಗಡಿಯವನಿಗೆ ಆ ಎರಡನೇ ಜನ್ಮ ಇಲ್ಲ.

ಮುಂಬಯಿಯ ಕಾಲಾ ಘೋಡಾದ 'ರಿದಂ ಹೌಸ್' ಕಥೆಯನ್ನು ಮಾತ್ರ ಬಿಡುವ ಹಾಗಿಲ್ಲ. 1948ರಿಂದ ನಡೆದ ಅಂಗಡಿ. ಹಿಂದೂಸ್ತಾನಿ, ಪಾಶ್ಚಾತ್ಯ ಶಾಸ್ತ್ರೀಯ, ಜಾಝ್ ಎಲ್ಲಕ್ಕೂ ದೇಶದಲ್ಲೇ ಹೆಸರಾದದ್ದು. 2016ರ ಫೆಬ್ರವರಿ ಕೊನೆಯಲ್ಲಿ ಬಾಗಿಲು ಹಾಕಿತು. ಕಟ್ಟಡವನ್ನು ಕೊಂಡದ್ದು ಯಾರು ಗೊತ್ತೇ? ವಜ್ರದ ವ್ಯಾಪಾರಿ ನೀರವ್ ಮೋದಿಯ ಕಂಪನಿ! ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣ 2018ರಲ್ಲಿ ಹೊರಬಿದ್ದ ಮೇಲೆ ಜಾರಿ ನಿರ್ದೇಶನಾಲಯ ಅದನ್ನು ಜಪ್ತಿ ಮಾಡಿತು. ಅಷ್ಟು ವರ್ಷ ಬೀಗ. ಕೊನೆಗೆ ನಟಿ ಸೋನಂ ಕಪೂರ್ ಅವರ ಗಂಡನ ಮನೆಯವರ ಬಟ್ಟೆ ವ್ಯಾಪಾರದ ಕಂಪನಿ ಸುಮಾರು 48 ಕೋಟಿ ರೂಪಾಯಿಗೆ ಕೊಂಡಿದೆ ಅಂತ 2025ರ ಆರಂಭದಲ್ಲಿ ಸುದ್ದಿ ಬಂತು. ದೊಡ್ಡ ಊರಿನ ನಡುಮಧ್ಯದ ಮೂಲೆ ಜಾಗ ಇಷ್ಟು ಬೆಲೆ ಬಾಳುವಾಗ, ಅಲ್ಲಿ ಕೂತು ಅಮೀರ್ ಖಾನರ ಸಿಡಿ ಮಾರುವುದು ಯಾವ ಲೆಕ್ಕದಲ್ಲೂ ಕೂರುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್, ಜಯನಗರ, ಮಲ್ಲೇಶ್ವರದ ಬಾಡಿಗೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರದೇಶದಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಸಣ್ಣ ಊರಿನ 'ಪ್ರೆಸ್ಟೊ' ಅಂಗಡಿ ಬೇಗನೆ ಆನ್‌ಲೈನ್‌ಗೆ ಹೋಯಿತು. ವಾಗ್ಗೇಯಕಾರ, ಕೃತಿ, ನಡೆಸಿದವರು, ಲೇಬಲ್ ಹೀಗೆ ವಿಂಗಡಿಸಿದ ಪಟ್ಟಿಯೇ ಅದರ ಬಂಡವಾಳ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಸಂಖ್ಯೆಯಲ್ಲಿ ಸಿಡಿಯನ್ನು ದಾಟಿದವು, 1987ರ ನಂತರ ಮೊದಲ ಸಲ. ನಮ್ಮಲ್ಲೂ ವಿನೈಲ್ ಶೋಕಿ ಬಂದಿದೆ, ಆದರೆ ಕಾಫಿ ಜೊತೆ ಮಾರುವ ಆ ಅಂಗಡಿಗಳಲ್ಲಿ ಹುಡುಕಿದರೆ ರಾಕ್ ಸಿಗುತ್ತೆ, ಆರ್.ಡಿ. ಬರ್ಮನ್ ಸಿಗುತ್ತಾರೆ. ಚೆಂಬೈ ಬೇಕು ಅಂದರೆ ಹಳೇ ಸಾಮಾನಿನ ಗುಡ್ಡೆಯಲ್ಲೇ ಕೈ ಹಾಕಬೇಕು.

ಮೂವತ್ತು ಸೆಕೆಂಡಿನ ರಾಜಕೀಯ

'ಈಗ ಎಲ್ಲ ಪುಕ್ಕಟೆ ಸಿಗುತ್ತಲ್ಲ, ನಿಮಗೇನು ತೊಂದರೆ?' ಅಂತ ಗೆಳೆಯರು ಕೇಳುತ್ತಾರೆ. ಸಿಗುತ್ತೆ, ನಿಜ. ಧಾರವಾಡದ ಹುಡುಗಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಮನ್ಸೂರರ ಬಹಾದುರಿ ತೋಡಿ ಕೇಳಬಹುದು, ಅವಳ ಅಜ್ಜನಿಗೆ ಅದು ಸಾಧ್ಯವಿರಲಿಲ್ಲ. ಇದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ದುಡ್ಡು ಹೇಗೆ ಹರಿಯುತ್ತೆ ನೋಡಿ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಒಂದು 'ಸ್ಟ್ರೀಮ್'. ಮೂರು ನಿಮಿಷದ ಸಿನಿಮಾ ಹಾಡಿಗೂ ಐವತ್ತು ನಿಮಿಷದ ರಾಗಂ-ತಾನಂ-ಪಲ್ಲವಿಗೂ ಎಣಿಕೆ ಒಂದೇ. ಆ ಐವತ್ತು ನಿಮಿಷದಲ್ಲಿ ಸಿನಿಮಾ ಹಾಡು ಹದಿನಾರು ಸಲ ಎಣಿಕೆಯಾಗುತ್ತೆ. 2024ರಿಂದ ಇನ್ನೊಂದು ನಿಯಮ: ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಟ್ರ್ಯಾಕಿಗೆ ರಾಯಧನವೇ ಇಲ್ಲ. ಎರಡು ವರ್ಷ ಕಪಾಟಿನಲ್ಲಿ ಕೂತು ಒಂದು ದಿನ ಮಾರಾಟವಾದ ಕ್ಯಾಸೆಟ್ಟಿನಿಂದ ಲೇಬಲ್‌ಗೆ ಏನಾದರೂ ಕಾಸು ಬರುತ್ತಿತ್ತು. ಇಲ್ಲಿ ಸೊನ್ನೆ. ಪಕ್ಕವಾದ್ಯದವರ ಹೆಸರಂತೂ ಎಷ್ಟೋ ಕಡೆ ಕಾಣುವುದೇ ಇಲ್ಲ. ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಪಿಟೀಲು, ಮೃದಂಗ, ಘಟ ನುಡಿಸಿದವರೆಲ್ಲರ ಹೆಸರು ಇರುತ್ತಿತ್ತು. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು, 2012ರ ತಿದ್ದುಪಡಿ ಅದನ್ನು ಬಲಪಡಿಸಿ ಹೆಸರು ನಮೂದಿಸುವ ಹಕ್ಕನ್ನೂ ಕೊಟ್ಟಿತು. ಕಾನೂನಿನಲ್ಲಿರುವುದು ಫೋನಿನ ಪರದೆಯ ಮೇಲೆ ಬಂದಿಲ್ಲ.

ಅದೇ ಕಾನೂನಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಬಾಗಿಲೂ ಇದೆ. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 1960ಕ್ಕೂ ಮುಂಚೆ ಬಿಡುಗಡೆಯಾದ ತಟ್ಟೆಗಳ ಮೇಲೆ ಈಗ ಯಾವ ಕಂಪನಿಯ ಹಕ್ಕೂ ಇಲ್ಲ. ಪುರಂದರದಾಸರ, ತ್ಯಾಗರಾಜರ ರಚನೆಗೆ ಹಕ್ಕಿನ ಪ್ರಶ್ನೆಯೇ ಏಳುವುದಿಲ್ಲ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ಕೃತಿಗಳೂ 2022ರಿಂದ ಸಾರ್ವಜನಿಕ ಸ್ವತ್ತು. ಗಾಂಧಾರಿ ಹೆಸರಿನ ಆ ತಟ್ಟೆಗಳನ್ನು ಶುದ್ಧಮಾಡಿ, ಸರಿಯಾದ ವಿವರದೊಂದಿಗೆ ಎಲ್ಲರಿಗೂ ಸಿಗುವಂತೆ ಇಡಲು ನಮ್ಮ ವಿಶ್ವವಿದ್ಯಾಲಯಗಳಿಗೆ, ಅಕಾಡೆಮಿಗೆ ಯಾರ ಅನುಮತಿಯೂ ಬೇಕಿಲ್ಲ. ಸದ್ಯ ಈ ಕೆಲಸದ ದೊಡ್ಡ ಭಾಗವನ್ನು ಹೊತ್ತವರು ಹವ್ಯಾಸಿ ಸಂಗ್ರಾಹಕರು. 1990ರಲ್ಲಿ ಮುಂಬಯಿಯಲ್ಲಿ ಶುರುವಾದ ರೆಕಾರ್ಡ್ ಸಂಗ್ರಾಹಕರ ಸಂಘದಂಥವರು, ಮುಚ್ಚಿದ ಅಂಗಡಿಗಳ, ಖಾಲಿಯಾದ ಮನೆಗಳ ಮಾಲನ್ನು ಕೊಂಡು ಕಾಪಾಡಿಕೊಂಡವರು.

ಇನ್ನೂ ತೆರೆದಿರುವ ಕೆಲವೇ ಅಂಗಡಿಗಳಿಗೆ ಹೋದರೆ ಮುಂದಿನ ಸಾಲಿನಲ್ಲಿ ಕಾಣುವುದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ವೀಣೆಯ ತಂತಿ, ಸ್ವರಲಿಪಿಯ ಪುಸ್ತಕ, ಪೂಜೆಯ ಸಾಮಾನು. ಸಿಡಿಗಳು ಹಿಂದಿನ ಕಪಾಟಿಗೆ ಸರಿದಿವೆ. ಮಕ್ಕಳನ್ನು ಪಾಠಕ್ಕೆ ಸೇರಿಸುವ ಅಪ್ಪ-ಅಮ್ಮಂದಿರು ಇರುವವರೆಗೆ ಶ್ರುತಿಪೆಟ್ಟಿಗೆ ಹೋಗುತ್ತೆ, ಆ ಲಾಭದಲ್ಲಿ ಹಿಂದಿನ ಕಪಾಟು ಉಳಿದಿದೆ. ನೀವು ಹೋದರೆ ಕೌಂಟರಿನಲ್ಲಿ ರಾಗದ ಹೆಸರು ಹೇಳಿ ಕೇಳಿ. ಮೊದಲು ಬರುವ ಪ್ರಶ್ನೆ, "ಕರ್ನಾಟಕನೋ ಹಿಂದೂಸ್ತಾನಿನೋ?", ಆಮೇಲೆ, "ಸಿಡಿ ಹಾಕೋಕೆ ಮನೇಲಿ ಪ್ಲೇಯರ್ ಇದೆಯಾ?"