ಆಕ್ಸಿರಿಂಕಸ್ ಪ್ರಹಸನದ ‘ಕನ್ನಡ’: ಒಂದು ಪುನರ್‌ವಿಚಾರ

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1896ರಿಂದ ಅಗೆಸತೊಡಗಿದರು. ಅಲ್ಲಿ ದೊರೆತ ಪಪೈರಸ್‌ಗಳಲ್ಲಿ 413ನೆಯ ಸಂಖ್ಯೆಯದು 1903ರಲ್ಲಿ ಪ್ರಕಟವಾಯಿತು. ಸುಮಾರು ಕ್ರಿ.ಶ. 2ನೆಯ ಶತಮಾನದ ಈ ಪ್ರತಿಯಲ್ಲಿರುವುದು ಕರ್ತೃವಿನ ಹೆಸರು ತಿಳಿಯದ ಒಂದು ಗ್ರೀಕ್ ಪ್ರಹಸನ. ಭಾರತದ ಕಡಲ ತಡಿಯ ದೇಗುಲದಲ್ಲಿ ಸೆರೆಯಾಗಿರುವ ಚಾರಿತಿಯಾನ್ ಎಂಬ ಗ್ರೀಕ್ ತರುಣಿಯನ್ನು ಅವಳ ಸೋದರನೂ ಸಂಗಡಿಗರೂ ಸೇರಿ, ಅಲ್ಲಿನ ಅರಸನಿಗೆ ನೀರು ಬೆರೆಸದ ಮದ್ಯ ಕುಡಿಸಿ ಮೈಮರೆಸಿ, ಬಿಡಿಸಿಕೊಂಡು ಹೋಗುವುದು ಇದರ ವಸ್ತು. ಯೂರಿಪಿಡೀಸನ ಇಫಿಜೀನಿಯಾ ನಾಟಕದ ಅಣಕವಿದು. ಅರಸನೂ ಅವನ ಪರಿವಾರವೂ ಆಡುವ ಮಾತು ಮಾತ್ರ ಬಹುಮಟ್ಟಿಗೆ ಗ್ರೀಕ್ ಅಲ್ಲ.

ಆ ಮಾತು ಕನ್ನಡವಿರಬಹುದೆಂದು 1904ರಲ್ಲಿ ಸೂಚಿಸಿದವರು ದಕ್ಷಿಣ ಭಾರತದ ಶಾಸನಗಳಲ್ಲಿ ನುರಿತ ಜರ್ಮನ್ ವಿದ್ವಾಂಸ ಇ. ಹುಲ್ಷ್. ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರ’, ‘ಹಾಕಿ’ ಎಂಬ ಪದಗಳನ್ನು ಅವರು ಅದರಲ್ಲಿ ಕಂಡರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ಓದನ್ನು ಬೆಂಬಲಿಸಿದರು. ಕನ್ನಡ ಶಾಸನಗಳನ್ನು ಸ್ವತಃ ಸಂಪಾದಿಸಿದ್ದ ಎಲ್.ಡಿ. ಬಾರ್ನೆಟ್ 1926ರಲ್ಲಿ ಒಪ್ಪಲಿಲ್ಲ. ತುಳುವಿನ ಪರವಾದ ವಾದವೂ ಮುಂದೆ ಬಂದಿತು.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹುಲ್ಷ್ ಓದು ನಿಂತರೆ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನಕ್ಕಿಂತ ಎರಡು ಮೂರು ಶತಮಾನ ಮೊದಲೇ ಕನ್ನಡದ ಆಡುನುಡಿ ಬರಹಕ್ಕಿಳಿದಂತಾಗುತ್ತದೆ. ಆದರೆ ‘ಹಾಕಿ’ಯಂತಹ ಹಕಾರದ ರೂಪ ಹಳಗನ್ನಡಕ್ಕೂ ಹಿಂದಿನ ಕಾಲಕ್ಕೆ ಹೊಂದುವುದಿಲ್ಲ. ಗ್ರೀಕ್ ಅಕ್ಷರಗಳನ್ನು ಇಷ್ಟೊಂದು ಸಡಿಲವಾಗಿ ಓದಿದರೆ ಬೇರೆ ಭಾಷೆಗಳೂ ಅಲ್ಲಿ ಸಿಕ್ಕಾವು.

ವಾದ ಮಾಡಿದವರಲ್ಲಿ ಹೆಚ್ಚಿನವರು ಈ ಪ್ರತಿಯನ್ನು ಶಾಸನದಂತೆ ಓದಿದರು. ಇದು ಆಟದ ಪ್ರತಿ. ಚರ್ಮವಾದ್ಯ ಬಾರಿಸಬೇಕಾದ ಎಡೆಗಳಿಗೆ ಇದರಲ್ಲಿ ಗುರುತುಗಳಿವೆ. ಹಾಳೆಯ ಹಿಂಬದಿಯಲ್ಲಿ ಒಂದು ಸನ್ನಿವೇಶವನ್ನು ಮತ್ತೆ ಬರೆಯಲಾಗಿದೆ. ಪ್ರಸಂಗದ ಹಸ್ತಪ್ರತಿಗಳನ್ನು ಕಂಡವರಿಗೆ ಈ ತಿದ್ದುವಿಕೆ ಹೊಸದಲ್ಲ. ಅರ್ಥವಾಗದ ನುಡಿಯಿಂದ ನಗೆ ಹುಟ್ಟಿಸುವುದು ಜನಪದ ರಂಗಭೂಮಿಯ ಬಲು ಹಳೆಯ ತಂತ್ರ. ಹಾಗೆಂದ ಮಾತ್ರಕ್ಕೆ ಎಲ್ಲವೂ ಪೊಳ್ಳು ಸದ್ದೆಂದು ತಳ್ಳಿಹಾಕುವಂತಿಲ್ಲ. ಆ ಕಾಲದಲ್ಲಿ ಕೆಂಪು ಸಮುದ್ರದಿಂದ ನಮ್ಮ ಪಡುವಣ ಕರಾವಳಿಗೆ ಮೆಣಸಿಗಾಗಿ ಹಡಗುಗಳು ಬರುತ್ತಿದ್ದವು. ನಾವಿಕರ ಕಿವಿಗೆ ಬಿದ್ದ ನಾಲ್ಕು ಮಾತು ಅಲೆಕ್ಸಾಂಡ್ರಿಯದ ಕಡೆಗೆ ಸಾಗಿದ್ದರೆ ಆಶ್ಚರ್ಯವಿಲ್ಲ.

ಆಟದೊಳಗೇ ಒಂದು ಸುಳಿವಿದೆ. ಮೂಡಲಪಾಯದ ಸಾರಥಿ ಪ್ರಶ್ನೆ ಕೇಳಿ ಪಾತ್ರಗಳ ಬಾಯಿ ಬಿಡಿಸುವಂತೆ, ಇಲ್ಲಿಯೂ ಒಂದು ಪಾತ್ರ ಅವರು ಹೇಳುವುದೇನೆಂದು ಕೇಳುತ್ತದೆ. ಪಾಲಿಗಾಗಿ ಚೀಟಿ ಎತ್ತುವ ಮಾತೆಂದು ಇನ್ನೊಂದು ಗ್ರೀಕಿನಲ್ಲಿ ತಿಳಿಸುತ್ತದೆ. ಕನ್ನಡವೋ ತುಳುವೋ ಎಂಬ ವಾದವನ್ನು ಮೊದಲು ಒರೆಗೆ ಹಚ್ಚಬೇಕಾದದ್ದು ಈ ಒಂದು ಮಾತಿನ ಮೇಲೆ.