ಫ್ರೆಂಚ್ ಭಾಷೆ: ಪ್ರಾರಂಭಿಕ ಹಂತದ ವ್ಯಾಸಂಗ

ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಐಗಳಿಯಂತಹ ಗ್ರಾಮಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳೂ ವಿಶ್ವವಿದ್ಯಾನಿಲಯ ಮಟ್ಟದಲ್ಲಿ ಫ್ರೆಂಚ್ ಕಲಿಕೆಯನ್ನು ಆರಂಭಿಸಬಹುದಾಗಿದೆ. ಪ್ರಾರಂಭಿಕ ಹಂತಕ್ಕೆ ಆ ಭಾಷೆಯ ಪೂರ್ವಪರಿಚಯ ಅಗತ್ಯವಿರುವುದಿಲ್ಲ.

ವ್ಯಾಸಂಗಾವಕಾಶ
ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಪಿ.ಯು.ಸಿ. ತೇರ್ಗಡೆಯಾದವರಿಗೆ ದೂರಶಿಕ್ಷಣದ ಮೂಲಕ ಫ್ರೆಂಚ್ ಸರ್ಟಿಫಿಕೇಟ್ ಕೋರ್ಸನ್ನು ರೂಪಿಸಿದೆ. ಇದರ ಕನಿಷ್ಠ ಅವಧಿ 6 ತಿಂಗಳು. ವಿಜಯಪುರದಲ್ಲಿ ಈ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಕೇಂದ್ರವಿದೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆಯಲ್ಲಿಯೂ ಬೋಧನೆ ಲಭ್ಯವಿದೆ.

ಹಂತಗಳು
ಯುರೋಪಿನ ಭಾಷಾ ಮಾನದಂಡದಲ್ಲಿ ಎ1ರಿಂದ ಸಿ2ರವರೆಗೆ 6 ಹಂತಗಳಿವೆ. ತನ್ನ ಪರಿಚಯ ಹೇಳುವುದು, ಬೆಲೆ ಹಾಗೂ ವೇಳೆ ವಿಚಾರಿಸುವುದು ಎ1 ಹಂತಕ್ಕೆ ಸೇರಿವೆ. ಡೆಲ್ಫ್ ಪರೀಕ್ಷೆಯ ಪ್ರಮಾಣಪತ್ರಕ್ಕೆ ಆಜೀವ ಮಾನ್ಯತೆಯಿರುತ್ತದೆ.

ಕನ್ನಡ ಬಲ್ಲವರಿಗೆ ಅನುಕೂಲಗಳು
1. ಇಂದಿನ ಇಂಗ್ಲಿಷಿನಲ್ಲಿಲ್ಲದ ‘ನೀನು’, ‘ನೀವು’ ಎಂಬ ಭೇದವು ಫ್ರೆಂಚಿನಲ್ಲಿ ‘ತ್ಯು’, ‘ವೂ’ ಎಂದಿದೆ. ಹಿರಿಯರನ್ನೂ ಅಪರಿಚಿತರನ್ನೂ ‘ವೂ’ ಎಂದೇ ಸಂಬೋಧಿಸತಕ್ಕದ್ದು.
2. ಫ್ರೆಂಚಿನ ತ, ದ ಧ್ವನಿಗಳು ಕನ್ನಡದಂತೆಯೇ ದಂತ್ಯಗಳು. ಟ, ಡ ಎಂದು ಉಚ್ಚರಿಸಬಾರದು.

ಗಮನಿಸಬೇಕಾದ ಅಂಶಗಳು
1. ಫ್ರೆಂಚಿನಲ್ಲಿ ನಪುಂಸಕಲಿಂಗವಿಲ್ಲ. ಹಿಂದಿಯಲ್ಲಿರುವಂತೆ ನಿರ್ಜೀವ ವಸ್ತುಗಳಿಗೂ ಲಿಂಗವುಂಟು: ಪುಸ್ತಕ ಪುಲ್ಲಿಂಗ, ಮೇಜು ಸ್ತ್ರೀಲಿಂಗ. ಪ್ರತಿ ನಾಮಪದವನ್ನೂ ಲಿಂಗಸಹಿತ ಕಲಿಯುವುದು ಸೂಕ್ತ.
2. ಪದಾಂತ್ಯದ ವ್ಯಂಜನಗಳು ಬರಹದಲ್ಲಿದ್ದರೂ ಬಹುತೇಕ ಉಚ್ಚಾರವಾಗುವುದಿಲ್ಲ. ಆದ್ದರಿಂದ ಓದುವುದರೊಂದಿಗೆ ಆಲಿಸುವ ಅಭ್ಯಾಸವೂ ಅವಶ್ಯಕ.

ಇಂಗ್ಲಿಷಿನಲ್ಲಿ ಹಿಂದುಳಿದಿರುವೆವೆಂಬ ಕಾರಣಕ್ಕೆ ವಿದ್ಯಾರ್ಥಿಗಳು ಹಿಂಜರಿಯಬೇಕಾಗಿಲ್ಲ. ಬೋಧನಾ ಮಾಧ್ಯಮ, ಶುಲ್ಕ ಹಾಗೂ ಪ್ರವೇಶದ ದಿನಾಂಕಗಳನ್ನು ಆಯಾ ಸಂಸ್ಥೆಯ ಅಧಿಸೂಚನೆಯಲ್ಲಿ ಪರಿಶೀಲಿಸಿ ಅರ್ಜಿ ಸಲ್ಲಿಸುವುದು.